ತಡಿಯವ್ವನ ಗುಡ್ಡ

ಗೋಣಿಹಾಳದ ಮೂಡಣ ದಿಕ್ಕಿಗೆ, ಮುಚ್ಚಿಹೋದ ನೂಲಿನ ಗಿರಣಿಯ ಚಿಮಣಿಗೆ ಎದುರಾಗಿ, ಒಂದು ಬೋಳು ಗುಡ್ಡವಿದೆ. ಮರವಿಲ್ಲ, ನೆರಳಿಲ್ಲ, ಇರುವುದೆಲ್ಲ ಬರೀ ಗಾಳಿ. ಹತ್ತಿ ಬಂದವರ ಟೋಪಿಯಾಗಲಿ ಸೆರಗಾಗಲಿ ಇದ್ದಲ್ಲಿ ಇರುವುದಿಲ್ಲ. ನೆತ್ತಿಯ ಮೇಲೆ ಮೊಳಕಾಲೆತ್ತರದ ಒಂದು ಕಲ್ಲು, ಅದಕ್ಕೆ ಕಣ್ಣು ಮೂಗು ಕೊರೆದಿಲ್ಲ. ಸುತ್ತಲೂ ಹರಕೆಗೆ ತಂದಿಟ್ಟ ಕೊಡೆಗಳು. ಗಾಳಿ ಅವುಗಳ ಬಟ್ಟೆಯನ್ನು ಹರಿದೊಯ್ದು ಕಡ್ಡಿಗಳನ್ನಷ್ಟೇ ಉಳಿಸಿದೆ. ಯಾವನೋ ರಾಕ್ಷಸನನ್ನು ತಡೆದು ನಿಲ್ಲಿಸಿದ್ದಕ್ಕೆ ದೇವಿಗೆ ತಡಿಯವ್ವ ಎಂಬ ಹೆಸರು ಬಂತೆಂದು ಈಗಿನ ಪೂಜಾರಿ ಹೇಳುತ್ತಾನೆ. ಅವನದು ಹೊಟ್ಟೆಪಾಡು, ಹೇಳಿಕೊಳ್ಳಲಿ ಪಾಪ. ಗಿರಣಿ ಕೆಲಸಗಾರರ ಚಾಳಿನ ಮುದುಕಿಯರ ಬಾಯಲ್ಲಿ ಇರುವ ಕಥೆಯೇ ಬೇರೆ, ಅದರಲ್ಲಿ ರಾಕ್ಷಸನಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಿರಣಿ ಬರುವ ಮುನ್ನ ಈ ಊರಿನಲ್ಲಿ ಆಟ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಡೊಂಬರು ಬಂದು ಓಣಿಯಲ್ಲಿ ಗಳ ನೆಟ್ಟು ಹಗ್ಗ ಕಟ್ಟುತ್ತಿದ್ದರು. ಮನಸ್ಸಿದ್ದವರು ಬೊಗಸೆ ಜೋಳ ಕೊಡುತ್ತಿದ್ದರು. ತಡವಾಗಿ ಬಂದವರು ಕೇಳಿದರೆ ಹುಡುಗಿ ನಗುತ್ತ ಮತ್ತೊಮ್ಮೆ ಹಗ್ಗದ ಮೇಲೆ ನಡೆಯುತ್ತಿದ್ದಳು. ಗಿರಣಿ ಬಂದಿತು, ಪಾಳಿಗೆ ಕರೆಯುವ ಭೋಂಗಾ ಕೂಗತೊಡಗಿತು. ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಆ ಕೂಗಿನ ಅಂಕೆಗೆ ಸಿಕ್ಕಿತು. ಡೊಂಬರು ಬಂದರೆ ಓಣಿಯಲ್ಲಿ ನೋಡುವವರೇ ಇರಲಿಲ್ಲ. ಒಂದೆರಡು ಸುಗ್ಗಿ ಬಂದು ನೋಡಿ, ಆಮೇಲೆ ಅವರು ಈ ದಾರಿಯನ್ನೇ ಬಿಟ್ಟರು. ಜನ ಹೀಗೆ ಬಾಡಿ ಹೋದರೆ ನೂಲು ತೆಗೆಯುವವರು ಯಾರೆಂಬ ಚಿಂತೆ ಗಿರಣಿಯ ಮಾಲೀಕರಿಗೂ ಹತ್ತಿತೆಂದು ಕಾಣುತ್ತದೆ. ಗಿರಣಿಯಲ್ಲಿ ಹೊಸ ಖಾತೆ, ಅಂದರೆ ಹೊಸ ವಿಭಾಗ, ತೆರೆದ ಸಂತೋಷಕ್ಕೆ ಒಂದು ದಿನ ಮಧ್ಯಾಹ್ನದ ಬಿಡುವನ್ನು ಇನ್ನಷ್ಟು ಹಿಗ್ಗಿಸಿ, ಆಟ ಆಡಿಸುವ ಕಂಪನಿಯೊಂದನ್ನು ಕರೆಸಿದರು. ಅಮೇರಿಕದಲ್ಲಿ ಗಿರಣಿಯವರು ರಜೆಯ ದಿನ ಟಿಕೇಟು ಕೊಂಡು ನೋಡುವ ಆಟವಿದು, ಬಿಳಿ ಮಡಮ್ಮ ಬಲೂನಿನಲ್ಲಿ ಮೋಡ ಮುಟ್ಟಿ ಕೊಡೆ ಹಿಡಿದು ಇಳಿಯುತ್ತಾಳೆ ಎಂದು ಓಣಿ ಓಣಿಯಲ್ಲಿ ಡಂಗುರ ಹೊಡೆಸಿದರು.

ನೂಲು ಸುತ್ತುವ ಖಾತೆಯ ಶಾವಕ್ಕ ಆ ಮಧ್ಯಾಹ್ನವನ್ನು ಎದುರು ನೋಡಿದಷ್ಟು ತನ್ನ ಮದುವೆಯನ್ನೂ ಎದುರು ನೋಡಿರಲಿಲ್ಲ ಎನ್ನುತ್ತಾರೆ. ಗಂಡ ತೀರಿದ ಮೇಲೆ ಅವಳು ತನಗೆಂದು ಏನನ್ನೂ ಕೊಂಡವಳಲ್ಲ. ಆವತ್ತು ಟಿಕೇಟು ಕೊಂಡಳು. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ, ಬಯಲಿನ ಸುತ್ತ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಅಂಚಿಗೇ ಬಂದು ನಿಂತಳು. ನೆಲದಲ್ಲಿ ತೋಡಿದ ದೊಡ್ಡ ಒಲೆಯ ಹೊಗೆ ಕುಡಿದು ಬಲೂನು ಉಬ್ಬುತ್ತಿತ್ತು. ಹತ್ತಾಳು ಹಗ್ಗ ಹಿಡಿದು ಜಗ್ಗಿ ನಿಂತಿದ್ದರು. ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತು. ಮುಖಕ್ಕೆ ಬಿಳಿ ಬಳಿದುಕೊಂಡು, ಗೊಂಡೆ ಗೊಂಡೆಯ ಲಂಗ ತೊಟ್ಟು ಬಂದ ಮಡಮ್ಮ ಬಲೂನನ್ನೊಮ್ಮೆ, ಧೂಳನ್ನೊಮ್ಮೆ ನೋಡಿದಳು. ಕಂಪನಿಯ ಯಜಮಾನ ಕಣ್ಣು ಕೆಂಪಗೆ ಮಾಡಿದ. ಆಗ ಅವಳು ಅಂಚಿನಲ್ಲಿದ್ದ ಶಾವಕ್ಕನ ಕಡೆ ತಿರುಗಿ ಕೈ ಮುಗಿದಳು.

“ಎವ್ವಾ, ಒಂದೀಟು ತಡೀರಿ. ಗಾಳಿ ತಗ್ಗಲಿ, ಏರತೇನಿ.”

ಶಾವಕ್ಕ ಬೆಚ್ಚಿದಳು. ಇದು ನಮ್ಮ ಮಾತು! ಬಿಳಿಯ ಬಣ್ಣದ ಕೆಳಗೆ ಇದ್ದದ್ದು ಡೊಂಬರ ಹುಡುಗಿ. ಓಣಿಯಲ್ಲಿ ಆಡಲು ಜಾಗವಿಲ್ಲದೆ ಕಂಪನಿ ಸೇರಿದವಳು. ಅಯ್ಯೋ ಎನ್ನಬೇಕಿತ್ತು. ಆದರೆ ಮನುಷ್ಯರ ಮನಸ್ಸು, ಏನು ಹೇಳುವುದು. ತನ್ನ ಒಂದೇ ಒಂದು ಮಧ್ಯಾಹ್ನಕ್ಕೆ ಮೋಸವಾಯಿತೆಂದು ಶಾವಕ್ಕನ ಹೊಟ್ಟೆ ಉರಿಯಿತು. “ಅಯ್ಯ, ಮಡಮ್ಮ ಅಲ್ಲಬೇ ಇಕಿ, ನಮ್ಮ ಡೊಂಬರಾಕಿ! ತಡಿಯಾಕ ನಾವೇನು ಸಾವ್ಕಾರ್‍ರ? ಏರs, ಭೋಂಗಾ ಆಗತೈತಿ!” ಎಂದು ಕೂಗಿಬಿಟ್ಟಳು. ಹಿಂದಿನವರು ನಕ್ಕರು. ನಗು ಕೂಗಾಯಿತು. ಏರ, ಏರ ಎಂದು ಇಡೀ ಬಯಲು ಚಪ್ಪಾಳೆ ತಟ್ಟಿತು. ಹುಡುಗಿ ಬಲೂನಿನ ಕೆಳಗೆ ಕಟ್ಟಿದ್ದ ಕೋಲು ಹಿಡಿದಳು. ಯಜಮಾನ ಕೈ ಬೀಸಿದ, ಆಳುಗಳು ಹಗ್ಗ ಬಿಟ್ಟರು.

ಬಲೂನು ಮೇಲೇರುವ ಬದಲು ಮಗ್ಗುಲಾಗಿ ಓಡಿತು. ಕೋಲಿಗೆ ಜೋತುಬಿದ್ದಿದ್ದ ಹುಡುಗಿಗೆ ಕೊಡೆ ಬಿಚ್ಚುವಷ್ಟು ಎತ್ತರ ಸಿಗಲೇ ಇಲ್ಲ. ಗಾಳಿ ಅವಳನ್ನು ಒಯ್ದು ಗುಡ್ಡದ ಬಂಡೆಗೆ ಅಪ್ಪಳಿಸಿದ ಹೊತ್ತಿಗೇ ಭೋಂಗಾ ಕೂಗಿತು. ಮುದುಕಿಯರು ಕಥೆಯ ಈ ಜಾಗಕ್ಕೆ ಬಂದರೆ ದನಿ ತಗ್ಗಿಸುತ್ತಾರೆ. ಗುಡ್ಡದ ಕಡೆ ನಾಲ್ಕು ಹೆಜ್ಜೆ ಓಡಿ ತಿರುಗಿದವರು ಕೆಲವರು, ಗಿರಣಿಯ ಬಾಗಿಲಿಗೆ ಓಡಿದವರೇ ಹೆಚ್ಚು. ಶಾವಕ್ಕನ ಕಾಲೂ ಗಿರಣಿಗೇ ಓಡಿತು. ಆ ಸಂಜೆಯವರೆಗೂ ಅವಳು ನೂಲು ಸುತ್ತಿದಳು, ಒಂದು ಎಳೆಯೂ ಕಡಿಯಲಿಲ್ಲ. ಗಿರಣಿ ಬಿಟ್ಟ ಕೂಡಲೇ ಗುಡ್ಡ ಹತ್ತಿದರೆ, ಅಲ್ಲಿ ಕುರಿ ಕಾಯುವವರು ಹೆಣವನ್ನು ಮಣ್ಣು ಮಾಡಿ ಗುರುತಿಗೆ ಕಲ್ಲು ನೆಟ್ಟಿದ್ದರು. ನೀವು ಬಂದಾಗ ಹುಡುಗಿಗೆ ಜೀವ ಇತ್ತೇ ಎಂದು ಅವರನ್ನು ಕೇಳಿದಳು. ಬಹಳ ಹೊತ್ತು ಇತ್ತು, ಯಾರಾದರೂ ಬರುತ್ತಾರೇನೋ ಅಂತ ಕೆಳಗೇ ನೋಡುತ್ತಿದ್ದಳು ಎಂದರು.

ಹೆಸರು ಕೇಳೋಣವೆಂದರೆ ಕಂಪನಿ ಆಗಲೇ ಗಂಟುಮೂಟೆ ಕಟ್ಟಿತ್ತು. ಕಂಪನಿಯವರು ಬಯಲಲ್ಲಿ ತೂಗುಹಾಕಿದ್ದ ರಟ್ಟಿನ ಮೇಲೆ ಮಡಮ್ಮನದೆಂದು ಬರೆದಿದ್ದ ಇಂಗ್ಲಿಷ್ ಹೆಸರು ಹೇಗೂ ಅವಳದಲ್ಲ. ಮುಂದೆ ಬಿಡುವು ಸಿಕ್ಕಾಗಲೆಲ್ಲ ಶಾವಕ್ಕ ಗುಡ್ಡ ಹತ್ತಿ, ಕಲ್ಲಿಗೆ ನೆರಳಾಗಲೆಂದು ಕೊಡೆ ಹಿಡಿದು ಕೂರುತ್ತಿದ್ದಳು. ಎಲ್ಲಿಗೆ ಹೊಂಟಿ ಎಂದು ಯಾರಾದರೂ ಕೇಳಿದರೆ, “ತಡೀರಿ ಅಂದಾಕಿ ಹತ್ರ” ಎನ್ನುವಳು. ಅವಳ ಬಾಯಿಂದ ಚಾಳಿಗೆ, ಚಾಳಿನಿಂದ ಊರಿಗೆ ಬಂದು ಆ ಮಾತೇ ಹೆಸರಾಗಿ ನಿಂತಿತು.

ಗಿರಣಿ ಮುಚ್ಚಿ ಕಾಲವಾಯಿತು, ಭೋಂಗಾದ ಜಾಗದಲ್ಲಿ ಪಾರಿವಾಳಗಳು ಗೂಡು ಕಟ್ಟಿವೆ. ಗುಡ್ಡದ ಮೇಲೆ ಈಗಲೂ ಒಂದು ನಡಾವಳಿಯಿದೆ. ಕೊಡೆ ಇಟ್ಟು ಕಾಯಿ ಒಡೆದವರು ಕೂಡಲೇ ಇಳಿಯುವಂತಿಲ್ಲ, ಗಾಳಿ ತಗ್ಗುವವರೆಗೆ ಕಲ್ಲಿನ ಸುತ್ತ ಕೂರಬೇಕು. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೆಲವು ದಿನ ಗಾಳಿ ಹೊತ್ತು ಮುಳುಗಿದರೂ ತಗ್ಗುವುದಿಲ್ಲ. ಕೆಳಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ಮೇಲೆ ಕೂತವರಲ್ಲಿ ಒಬ್ಬರೂ ಏಳುವುದಿಲ್ಲ.