ಗೋಶ್ಚಿ ಕಟ್ಟೆಯ ಖಾಲಿ ತಟ್ಟೆ

ಬೆಣಚಿನಹಾಳದಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ಹಳೆಯ ಕಲ್ಲುಗಣಿಯ ಪಕ್ಕ, ಹುಣಸೆಮರದ ಕೆಳಗೆ ಒಂದು ಕಟ್ಟೆಯಿದೆ. ಅದರ ಹಾಸುಗಲ್ಲಿನಲ್ಲಿ ಊಟದ ತಟ್ಟೆಯಷ್ಟು ಅಗಲದ ದುಂಡನೆಯ ತಗ್ಗು. ಜನ ಅದನ್ನು ಗೋಶ್ಚಿ ಕಟ್ಟೆ ಎನ್ನುತ್ತಾರೆ. ಊರ ದೊಡ್ಡವರು ನೆಟ್ಟ ಫಲಕದಲ್ಲಿ ಮಾತ್ರ ‘ಗೋಷ್ಠಿ ಕಟ್ಟೆ’ ಎಂದಿದೆ; ವಿದ್ವಾಂಸರು ಇಲ್ಲಿ ಕೂತು ಶಾಸ್ತ್ರಚರ್ಚೆ ಮಾಡುತ್ತಿದ್ದರಂತೆ. ಹಸಿ ಸುಳ್ಳು. ಗಣಿಯ ದೂಳು ತಿನ್ನಲು ಯಾವ ವಿದ್ವಾಂಸ ಬಂದಿದ್ದ? ಈ ಹೆಸರು ಬಂದದ್ದು ಪರದೇಶದ ಒಂದು ಮಾತಿನಿಂದ. ಅದನ್ನು ಉಳಿಸಿದವಳು ಕಲ್ಲು ಒಡೆಯುವ ಲಗಮವ್ವ.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಗಣಿಯ ಆಚೆಯ ಬಯಲಿಗೆ ಪೋಲೆಂಡಿನ ಹೆಂಗಸರು ಮಕ್ಕಳು ಬಂದಿಳಿದರು. ಸೈನಿಕರ ಕೈಯಲ್ಲಿ ಮನೆಗಳಿಂದ ಎಳೆಸಿಕೊಂಡು ಹಿಮದ ಕಾಡಿಗೆ ಅಟ್ಟಿಸಿಕೊಂಡವರು, ದಾರಿಯುದ್ದಕ್ಕೂ ತಮ್ಮವರನ್ನು ಮಣ್ಣು ಮಾಡುತ್ತ ಬಂದವರು. ಅವರ ನಾಡನ್ನು ನೆರೆಯ ಅರಸರು ಹಿಂದೆಯೂ ರೊಟ್ಟಿಯಂತೆ ಹರಿದು ಹಂಚಿಕೊಂಡು, ನೂರು ವರ್ಷಕ್ಕೂ ಮಿಕ್ಕಿ ಭೂಪಟದಿಂದಲೇ ಅಳಿಸಿದ್ದರು. ಆಗ ಅಜ್ಜಿಯರು ಒಲೆಯ ಮುಂದೆ ಕದ್ದು ಮಕ್ಕಳಿಗೆ ನುಡಿ ಕಲಿಸಿದರು, ಹಾಡು ಕಲಿಸಿದರು. ನೆಲ ಹೋಯಿತು, ನಾಲಿಗೆ ಹೋಗಲಿಲ್ಲ. ಅಂಥವರ ಮಗಳು ಬ್ರೊನಿಸ್ಲಾವಾ. ಲಗಮವ್ವನ ಕೇರಿಯ ಬಾಯಲ್ಲಿ ಬ್ರೋನವ್ವ. ಅವಳ ಒಬ್ಬನೇ ಮಗ ಹಿಮದ ನಾಡಿನಲ್ಲಿ ತಪ್ಪಿಹೋಗಿದ್ದ. ಸತ್ತನೆಂದು ಯಾರೂ ಹೇಳಿರಲಿಲ್ಲ, ಇದ್ದಾನೆಂದೂ ಹೇಳಿರಲಿಲ್ಲ.

ಲಗಮವ್ವ ಅವರ ಒಲೆಗೆ ಕಟ್ಟಿಗೆ ಹಾಕಿ ಬರುತ್ತಿದ್ದಳು. ಊರಿನಲ್ಲಿ ಅವಳು ಬೊಗಸೆಯೊಡ್ಡಬೇಕು, ಮೇಲಿನಿಂದ ನೀರು ಹೊಯ್ಯುತ್ತಾರೆ. ಒಂದು ಚಳಿಗಾಲ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಬ್ರೋನವ್ವನ ಗುಡಿಸಲಿನಲ್ಲಿ ಮೇಜಿನ ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ಬಿಳಿ ಬಟ್ಟೆ. ದೇವರ ಮಗ ಹುಟ್ಟಿದ್ದು ದನಗಳ ಗೋದಲಿಯಲ್ಲಿ ಎಂಬ ನೆನಪಿಗೆ ಅವರು ಹಾಗೆ ಹಾಸುತ್ತಾರೆ.

“ಹುಲ್ಲು ಹಾಕೀರಲ್ಲ, ಉಣ್ಣಾವ್ರು ನೀವೋ ಎತ್ತೋ?” ಎಂದು ಲಗಮವ್ವ ನಕ್ಕಳು. ನಗುತ್ತಲೇ ಕಂಡಳು: ಎಲ್ಲರ ತಟ್ಟೆಗಳ ನಡುವೆ ಯಾರೂ ಕೂರದ ಕಡೆ ಒಂದು ಖಾಲಿ ಪಿಂಗಾಣಿ ತಟ್ಟೆ. ಸತ್ತ ಮಗನಿಗಿಟ್ಟ ಎಡೆ ಎಂದುಕೊಂಡಳು.

“ತಪ್ಪಾತವ್ವಾ, ಎಡಿ ಇಟ್ಟಲ್ಲಿ ಬಂದೆ” ಎಂದು ಹಿಂದೆ ಸರಿದಳು.

ಬ್ರೋನವ್ವ ಓಡಿಬಂದು ಕೈ ಹಿಡಿದಳು. “ಸತ್ತವರಿಗಲ್ಲ! ಬರೋರಿಗೆ. ಗೋಶ್ಚ್! ನೀ ಗೋಶ್ಚ್!” ಅವರ ಮಾತಿನಲ್ಲಿ ಗೋಶ್ಚ್ ಎಂದರೆ ಅತಿಥಿ. ಮೊದಲ ಚುಕ್ಕಿ ಮೂಡಿದ ಮೇಲೆ ಉಣ್ಣುವ ಆ ಹಬ್ಬದೂಟಕ್ಕೆ, ಕರೆಯದೆ ಬಂದವರಿಗಾಗಿ ಒಂದು ತಟ್ಟೆ ಇಡುವುದು ಅವರ ಪದ್ಧತಿ. ಬ್ರೋನವ್ವ ಕಾಗದದಷ್ಟು ತೆಳ್ಳಗಿನ ಬಿಳಿ ರೊಟ್ಟಿಯ ಚೂರೊಂದನ್ನು ಲಗಮವ್ವನ ಕೈಗಿಟ್ಟು, ಆ ಕೈಯಿಂದಲೇ ತುಸು ಮುರಿದುಕೊಂಡು ಬಾಯಿಗೆ ಹಾಕಿಕೊಂಡಳು. ತನ್ನ ಕೈಯಿಂದ ಇನ್ನೊಬ್ಬರು ತಿಂದದ್ದನ್ನು ಲಗಮವ್ವ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವಳು ಅತ್ತಳು. ಬೀಟ್‌ರೂಟಿನ ಕೆಂಪು ಸಾರಿನಲ್ಲಿ ತೇಲುವ ಪುಟ್ಟ ಕಡುಬುಗಳನ್ನು ಅಳುತ್ತಲೇ ಉಂಡಳು.

ಸುದ್ದಿ ಊರಿಗೆ ಮುಟ್ಟಿತು. “ಪಂಕ್ತಿಯೊಳಗ ಕುಂತು ಉಂಡಾಕಿ, ನಾಳೆ ನಮ್ಮ ಬಾವಿಗೂ ಬರ್ತಾಳ” ಎಂದ ಊರ ಗೌಡ, ಅವಳ ಬೊಗಸೆಗೆ ಬೀಳುತ್ತಿದ್ದ ನೀರನ್ನೂ ನಿಲ್ಲಿಸಿದ. ಅತಿಥಿ ದೇವರೆಂದು ನಮ್ಮಲ್ಲೂ ಹೇಳುತ್ತಾರೆ. ಯಾವ ಕೇರಿಯ ಅತಿಥಿ ಎಂದು ಮೊದಲು ಕೇಳುತ್ತಾರೆ, ಅಷ್ಟೆ.

ಯುದ್ಧ ಮುಗಿಯಿತು. ಬ್ರೋನವ್ವನ ಊರು ಬೇರೆಯವರ ಪಾಲಾಗಿತ್ತು. ಅವಳು ಇನ್ನೊಂದು ಪರದೇಶಕ್ಕೆ ಹೊರಟಳು. ಹೋಗುವಾಗ ಆ ತಟ್ಟೆಯನ್ನು ಲಗಮವ್ವನ ಮಡಿಲಿಗಿಟ್ಟು, “ಮಗ ಹುಡುಕಿ ಬಂದ್ರ ಉಣಸು” ಎಂದಳು. ಮುಂದಿನ ಚಳಿಗಾಲ ಲಗಮವ್ವ ಮೊದಲ ಚುಕ್ಕಿಗೆ ಕಟ್ಟೆಯ ಮೇಲೆ ತಟ್ಟೆಯಿಟ್ಟು ಕಾದಳು. ಗೌಡನ ಆಳುಗಳು ಬಂದು ಅದನ್ನು ಕಲ್ಲಿಗೆ ಬಡಿದು ಒಡೆದರು. ಅವಳು ಉಳಿ ಸುತ್ತಿಗೆ ತಂದು ಹಾಸುಗಲ್ಲಿನಲ್ಲೇ ತಟ್ಟೆ ಕಡೆದಳು. “ಇನ್ನ ಒಡೀರಿ” ಎಂದಳಂತೆ.

ಹಾದಿಹೋಕರು ಅದರಲ್ಲಿ ಉಂಡರು, ಕುರುಬರು ಉಂಡರು, ಭಿಕ್ಷುಕರು ಉಂಡರು. ಯಾರ ಕುಲವನ್ನೂ ಅವಳು ಕೇಳಲಿಲ್ಲ. “ಗೋಶ್ಚಿ ಬಂದ” ಎನ್ನುತ್ತಿದ್ದಳು. ಬ್ರೋನವ್ವನ ಮಗ ಮಾತ್ರ ಬರಲಿಲ್ಲ. ಕಾಯುತ್ತಲೇ ಲಗಮವ್ವ ಹೋದಳು.

ಈಗ ಬಂದವರು ಫಲಕ ಓದಿ, ಇಲ್ಲದ ವಿದ್ವಾಂಸರಿಗೆ ಕೈಮುಗಿದು ಹೋಗುತ್ತಾರೆ. ತಗ್ಗಿನಲ್ಲಿ ಹುಣಸೆಯ ಎಲೆ, ಗುಬ್ಬಿ ಕುಡಿದುಳಿದ ನೀರು. ಚಳಿಗಾಲದಲ್ಲಿ ಒಂದು ಸಂಜೆ ಕೇರಿಯ ಹೆಂಗಸರು ಬಂದು ಅದನ್ನು ತೊಳೆದು, ಬುತ್ತಿ ಬಿಚ್ಚಿ, ಚುಕ್ಕಿ ಮೂಡುವುದನ್ನು ಕಾಯುತ್ತಾರೆ. ಎಷ್ಟೇ ಜನವಿರಲಿ, ಕಟ್ಟೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಾರೆ.