ಎರಡು ಪರದೆ, ಒಂದು ಬಟ್ಟಲು ಮಸಿ

ಹೊಳೆ ತಿರುಗಿ ಹರಿಯುವ ಕಡೆ ಒಂದು ಚಿಕ್ಕ ಆಶ್ರಮ. ಅಲ್ಲಿ ಇದ್ದವರು ಮೂವರೇ: ಗುರು ರೇವಣಯ್ಯನವರು, ಶಿಷ್ಯ ವಾಗೀಶ, ಇಬ್ಬರಿಗೂ ಬೇಯಿಸಿ ಹಾಕುವ ಸಾಕಮ್ಮ.

ಗುರುಗಳ ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆಯಿಂದಲೂ ಗುಣ ಕಾಣಲಿಲ್ಲ. ಅಕ್ಷರ ಅಂಗೈಯಷ್ಟು ದೊಡ್ಡದಿದ್ದರೆ ಓದುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಒಂದು ಬೆಳಿಗ್ಗೆ ಹಾಲಮ್ಮನೆಂಬ ಮುದುಕಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟನ್ನು ತಂದು ಅವರ ಮುಂದಿಟ್ಟಳು.

“ನಮ್ಮ ಯಜಮಾನರದು ಬುದ್ಧಿ. ನಮ್ಮ ಮನೇಲಿ ಇದನ್ನ ಓದೋಕೆ ಬರ್ತಿದ್ದದ್ದು ಅವರೊಬ್ಬರಿಗೇ. ಓದೋರಿಲ್ಲದ ಕಟ್ಟು ಹುಳದ ಪಾಲಾಗೋದು ಬೇಡ, ನನ್ನ ವರ್ಷದ ದಿನ ಹೊಳೆಗೆ ಬಿಟ್ಟುಬಿಡು ಅಂತ ಭಾಷೆ ತಗೊಂಡು ಕಣ್ಣು ಮುಚ್ಚಿದರು.”

“ವರ್ಷ ಯಾವತ್ತು ತಾಯಿ?”

“ಇವತ್ತಿಗೆ ಎಂಟನೇ ದಿನ. ಅಲ್ಲೀತನಕ ನಿಮ್ಮ ಹತ್ತಿರ ಇರಲಿ. ಏನು ಬೇಕೋ ಓದಿ ಬರ್ಕೊಳ್ಳಿ.”

ಗುರುಗಳು ಕಟ್ಟಿನ ಮೇಲಿನ ಮರದ ಪಟ್ಟಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಸಣ್ಣ ದನಿಯಲ್ಲಿ ಹಾಡಿದರು.

“ಕೂಸು ಎಚ್ಚರವಿತ್ತು, ತೊಟ್ಟಿಲೂ ಎಚ್ಚರ,
ತೂಗುವ ಕೈಯೇ ನಿದ್ದೆಹೋಯಿತವ್ವ...”

ಅಷ್ಟಕ್ಕೇ ನಿಲ್ಲಿಸಿದರು.

“ನಮ್ಮ ಗುರುಗಳು ಹಾಡುತ್ತಿದ್ದ ಪದ. ನಿಮ್ಮ ಮನೆಯ ಕಟ್ಟಿನದು ಅಂತ ಹೇಳುತ್ತಿದ್ದರು. ಮುಂದಿನದು ನನಗೆ ಮರೆತು ಐವತ್ತು ವರ್ಷವಾಯಿತು. ನಿಮ್ಮ ಯಜಮಾನರು ಹಾಡಿದ್ದು ಕೇಳಿದ್ದೀರಾ?”

“ಅವರು ಮನಸ್ಸಿನಲ್ಲೇ ಓದಿಕೊಳ್ಳೋರು ಬುದ್ಧಿ. ದನಿ ತೆಗೆದು ಹಾಡಿದವರಲ್ಲ.”

ವಾಗೀಶ ಕಂಬಕ್ಕೆ ಒರಗಿ ಕೇಳುತ್ತಿದ್ದ. ಆಶ್ರಮಕ್ಕೆ ಬಂದ ಆರು ವರ್ಷದಲ್ಲಿ ಆ ಪದ ಅದೇ ಜಾಗದಲ್ಲಿ ನಿಲ್ಲುವುದನ್ನು ಅವನು ಎಷ್ಟು ಸಲ ಕೇಳಿದ್ದನೋ. ಈ ಎಂಟು ದಿನದಲ್ಲಿ ಅದನ್ನು ಮುಂದಕ್ಕೆ ನಡೆಸಿಯೇ ತೀರುತ್ತೇನೆ ಎಂದುಕೊಂಡ.

ಗರಿಯ ಅಕ್ಷರ ಹಾಗೇ ಕಾಣುವುದಿಲ್ಲ. ಮೊನಚಾದ ಕಬ್ಬಿಣದ ಕಡ್ಡಿಯಿಂದ ಕೊರೆದದ್ದು, ಹಿಂದೆ ಹಚ್ಚಿದ ಮಸಿ ಅಳಿಸಿಹೋದರೆ ಬರೀ ಗೀರು. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಬೆರಳಿನಿಂದ ಗರಿಗೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಬೇಕು. ಮೇಲಿನ ಮಸಿ ಹೋಗುತ್ತದೆ, ಗೀರಿನೊಳಗಿನದು ಉಳಿಯುತ್ತದೆ. ಆಗ ಅಕ್ಷರ ಏಳುತ್ತದೆ.

ಸಾಕಮ್ಮ ಅಂದೇ ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿದಳು. ಒಂದು ಬಟ್ಟಲು ತುಂಬಾ ಕಲಸಿಟ್ಟಳು. ವಾಗೀಶ ಮೊದಲ ಗರಿಗೆ ಮಸಿ ಹಚ್ಚಿದ. ಒಟ್ಟು ನಲವತ್ತೆಂಟು ಗರಿ.

ಅಷ್ಟರಲ್ಲಿ ಗರಿ ಬಂದ ಸುದ್ದಿ ಕೇಳಿ ಪೇಟೆಯಿಂದ ಪಂಚಾಕ್ಷರಿ ಬಂದ. ಮೊಬೈಲ್ ಅಂಗಡಿಯವನು, ಗುರುಗಳ ಭಕ್ತ. ಅವನ ಕೈಯಲ್ಲಿ ಎರಡು ಪೆಟ್ಟಿಗೆ ಇದ್ದವು.

“ಬುದ್ಧಿಯವರಿಗೆ ಅಂತ ತಂದೆ. ಗರಿಯ ಫೋಟೊ ಹಿಡಿದು, ಪರದೆ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿದರೆ ಒಂದೊಂದು ಅಕ್ಷರ ಇಷ್ಟಾಗುತ್ತೆ” ಎಂದು ಅಂಗೈ ತೋರಿಸಿದ. “ಎರಡೂ ತೆಳುವಾದ ಫೋನು, ಎರಡರದೂ ಒಳ್ಳೆ ಪರದೆ. ನನ್ನಿಂದ ಆರಿಸೋಕಾಗಲಿಲ್ಲ. ನೀವೇ ನೋಡಿ ಒಂದನ್ನ ಇಟ್ಟುಕೊಳ್ಳಿ. ಇನ್ನೊಂದಕ್ಕೆ ಒಂದು ಗೀರೂ ಬೀಳಬಾರದು, ಎಂಟು ದಿನ ಬಿಟ್ಟು ಬಂದು ತಗೊಂಡು ಹೋಗ್ತೀನಿ.”

ಒಂದು ಕಪ್ಪು, ಒಂದು ಬಿಳಿ. ವಾಗೀಶ ಕೈ ತೊಳೆದುಕೊಂಡು ಬಂದು ಎರಡನ್ನೂ ಗುರುಗಳ ಅಂಗೈಯಲ್ಲಿಟ್ಟ.

“ಯಾವುದು ಚೆನ್ನಾಗಿದೆ ಗುರುಗಳೇ?”

ಗುರುಗಳು ಎಡಗೈಯದನ್ನು ತೂಗಿದರು, ಬಲಗೈಯದನ್ನು ತೂಗಿದರು.

“ಇದು ತಣ್ಣಗಿದೆ.”

“ಮತ್ತೆ ಅದು?”

“ಅದೂ ತಣ್ಣಗಿದೆ.”

ಗುರುಗಳಿಗೆ ಇದೆಲ್ಲ ತಿಳಿಯುವುದಿಲ್ಲ, ನಾನೇ ನೋಡಬೇಕು ಎಂದುಕೊಂಡ ವಾಗೀಶ. ಕೆಟ್ಟ ಪರದೆ ಆರಿಸಿ ಅವರ ಉಳಿದಿರುವ ದೃಷ್ಟಿಗೆ ಶ್ರಮ ಕೊಡಬಾರದು. ನಲವತ್ತೆಂಟು ಗರಿಯನ್ನೂ ಒಂದೇ ಫೋನಿನಲ್ಲಿ ಹಿಡಿಯಬೇಕು, ಅದು ಎರಡರಲ್ಲಿ ಮೇಲಾದದ್ದೇ ಆಗಿರಬೇಕು.

ಮೊದಲ ಗರಿಯನ್ನು ಎರಡರಲ್ಲೂ ಹಿಡಿದ. ಪಕ್ಕ ಪಕ್ಕ ಇಟ್ಟು ನೋಡಿದ. ಕಪ್ಪು ಫೋನಿನಲ್ಲಿ ಗರಿ ಹಣ್ಣೆಲೆಯ ಬಣ್ಣವಾಗಿ ಕಂಡಿತು. ಬಿಳಿಯದರಲ್ಲಿ ಹೊಸ ಬೆಲ್ಲದ ಬಣ್ಣ. ಒಂದು ಪುಸ್ತಕ ತೆಗೆದು ನಡುವೆ ಗೆರೆ ಎಳೆದು ಬರೆಯತೊಡಗಿದ.

ಮರುದಿನ ಸಂಜೆ ಗುರುಗಳು ಕೇಳಿದರು. “ಗರಿ ಏನು ಹೇಳಿತು ವಾಗೀಶ?”

“ಗುರುಗಳೇ, ಕಪ್ಪು ಫೋನು ಹದಿಮೂರು ಗರಿಯಷ್ಟು ದಪ್ಪ, ಬಿಳಿಯದು ಹದಿನಾಲ್ಕು ಗರಿಯಷ್ಟು. ಗರಿಗಳನ್ನೇ ಪಕ್ಕಕ್ಕಿಟ್ಟು ಅಳೆದೆ.”

“ಗರಿ ಅಳತೆಗೋಲೂ ಆಯಿತು” ಎಂದರು ಗುರುಗಳು.

ಮೂರನೆಯ ದಿನ ಬಿಸಿಲಿನ ಪರೀಕ್ಷೆ. ಹೊಳೆಯ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಎರಡು ಫೋನನ್ನೂ ಹಿಡಿದು ನಿಂತ. ಒಂದರ ಪರದೆ ಬಿಸಿಲಿಗೆ ಮಂಕಾಯಿತು, ಇನ್ನೊಂದು ಆಗಲಿಲ್ಲ. ಗೆದ್ದದ್ದು ಬಿಳಿಯದು. ನಾಲ್ಕನೆಯ ದಿನ ಕತ್ತಲ ಕೋಣೆಯ ಪರೀಕ್ಷೆ. ಕಪ್ಪು ಫೋನಿನ ಕಪ್ಪು ನಿಜವಾದ ಕಪ್ಪು, ಮಸಿಯಷ್ಟೇ ಆಳ. ಗೆದ್ದದ್ದು ಕಪ್ಪು. ಎಲ್ಲಕ್ಕೂ ಅದೇ ಮೊದಲ ಗರಿ.

ಸಾಕಮ್ಮ ಮಸಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು.

“ವಾಗೀಶಪ್ಪ, ಮಸಿ ಗಟ್ಟಿಯಾಗ್ತಾ ಇದೆ. ಉಳಿದ ಗರಿಗೆ ಯಾವಾಗ ಹಚ್ಚೋದು?”

“ಮಸಿ ಕೈಯಲ್ಲಿ ಈ ಗಾಜು ಮುಟ್ಟೋದು ಹೇಗೆ ಸಾಕಮ್ಮ? ಒಂದನ್ನ ವಾಪಸ್ ಕೊಡಬೇಕು. ಮೊದಲು ಇದು ತೀರ್ಮಾನ ಆಗಲಿ, ಆಮೇಲೆ ಒಂದೇ ದಿನದಲ್ಲಿ ಮುಗಿಸ್ತೀನಿ.”

“ಅಕ್ಕಿಯಲ್ಲಿ ಕಲ್ಲು ಆರಿಸ್ತಾ ಕೂತರೆ ಒಲೆ ಆರಿಹೋಗುತ್ತೆ ಕಣಪ್ಪ.”

“ಕಲ್ಲು ಹಲ್ಲಿಗೆ ಸಿಕ್ಕಾಗ ಬೈಯೋರು ನೀವೇ ಅಲ್ವಾ?”

“ಹಲ್ಲಿದ್ದೋರು ಬೈತಾರೆ, ನನಗೆಲ್ಲಿದೆ?” ಎಂದು ಅವಳು ಬಟ್ಟಲಿಗೆ ಇನ್ನಷ್ಟು ಎಣ್ಣೆ ಬಿಟ್ಟು ಕಲಸಿ ಅಲ್ಲೇ ಇಟ್ಟುಹೋದಳು.

ಐದನೆಯ ದಿನವೂ ಗುರುಗಳು ಕೇಳಿದರು. “ಗರಿ ಏನು ಹೇಳಿತು?”

“ಹಿಗ್ಗಿಸಿ ನೋಡಿದೆ ಗುರುಗಳೇ. ಬಿಳಿಯದರಲ್ಲಿ ಅಕ್ಷರದ ಅಂಚು ಒಡೆಯೋದಿಲ್ಲ. ಆದರೆ ಕಪ್ಪು ಕೈಗೆ ಹಗುರ, ನಿಮಗೆ ಹಿಡಿದುಕೊಳ್ಳೋಕೆ ಸುಖ.”

“ಒಬ್ಬ ದೋಣಿ ಕಡೆಯುವವನಿದ್ದ” ಎಂದರು ಗುರುಗಳು. “ಹೊಳೆಯ ಆಚೆ ದಡದಲ್ಲಿ ಅವನ ತಾಯಿ ಇದ್ದಳು.”

ವಾಗೀಶ ಕಾದ. “ಆಮೇಲೆ ಗುರುಗಳೇ?”

“ದೋಣಿ ಬಹಳ ಚೆನ್ನಾಗಿ ಬಂತು.”

ಅದು ಹೊಗಳಿಕೆ ಎಂದು ವಾಗೀಶನಿಗೆ ಅನ್ನಿಸಿತು. ಆರನೆಯ ದಿನ ಇನ್ನೂ ಎಚ್ಚರದಿಂದ ನೋಡಿದ. ಏಳನೆಯ ದಿನ ಎರಡು ಪಟ್ಟಿಯ ಗೆಲುವನ್ನೂ ಕೂಡಿಸಿದ. ಕಪ್ಪಿಗೆ ಹನ್ನೊಂದು, ಬಿಳಿಗೆ ಹನ್ನೊಂದು.

ಎಂಟನೆಯ ದಿನ ಹೊತ್ತು ಮೂಡುವಾಗ ಅವನು ಸ್ನಾನ ಮುಗಿಸಿ ಬಂದ. ಗುರುಗಳು ಚಾಪೆಯ ಮೇಲೆ ಕೂತಿದ್ದರು.

“ಕೈ ಕೊಡು.”

ಕೊಟ್ಟ. ಗುರುಗಳು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದರು.

“ಸಾಬೂನಿನ ವಾಸನೆ.”

ಗುರುಗಳು ಕೈ ಬಿಡದೆ ಕೇಳಿದರು.

“ಎಷ್ಟು ಗರಿ ಆಯಿತು?”

“ಒಂದು.”

ಆ ಮಾತು ತನ್ನ ಬಾಯಿಂದ ಬಂದಾಗಲೇ ಅದು ಎಷ್ಟು ಚಿಕ್ಕದು ಎಂದು ಅವನಿಗೆ ಗೊತ್ತಾದದ್ದು. ಎಂಟು ದಿನದಲ್ಲಿ ಒಂದು.

ಗುರುಗಳು ಬೈಯಲಿಲ್ಲ. ಪಕ್ಕದಲ್ಲಿದ್ದ ಬಟ್ಟಲನ್ನು ತಡಕಿ ಎಳೆದುಕೊಂಡರು. ಶಿಷ್ಯನ ಕೈಯನ್ನು ಮಣಿಕಟ್ಟಿನತನಕ ಮಸಿಯಲ್ಲಿ ಅದ್ದಿದರು.

“ಕೂತುಕೋ” ಎಂದರು.

ಹಾಲಮ್ಮ ಬೆಳಗಿನ ಬಸ್ಸಿಗೇ ಬಂದಳು. ಹೂವು, ಹಣ್ಣು, ಒಂದು ಹಣತೆ ತಂದಿದ್ದಳು. ಗರಿಗಳು ನೆಲದ ಮೇಲೆ ಹರಡಿದ್ದವು. ವಾಗೀಶ ಮೊಣಕೈತನಕ ಕಪ್ಪಾಗಿ ಮಸಿ ತಿಕ್ಕುತ್ತಿದ್ದ, ಸಾಕಮ್ಮ ಒರೆಸುತ್ತಿದ್ದಳು.

“ಅಮ್ಮಾ, ಇನ್ನೆರಡು ದಿನ ಕೊಡಿ” ಎಂದ ವಾಗೀಶ.

ಹಾಲಮ್ಮ ಮೆಟ್ಟಿಲ ಮೇಲೆ ಕೂತಳು.

“ಅವರು ಹೋದದ್ದು ಇವತ್ತಿನ ದಿನ ಕಣಪ್ಪ, ನಾಳಿದ್ದಲ್ಲ. ಹೊತ್ತು ನೆತ್ತಿಗೆ ಬರೋತನಕ ಕಾಯ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ.”

ವಾಗೀಶ ಗುರುಗಳ ಮುಖ ನೋಡಿದ. ಅವರು ಕೇಳಿದರೆ ಮುದುಕಿ ಇಲ್ಲವೆನ್ನಲಾರಳು.

“ಭಾಷೆ ಅವರದು” ಎಂದರು ಗುರುಗಳು. “ಗರಿ ನೋಡು.”

ಹಳೆಯ ಗರಿ ಅವಸರ ತಡೆಯುವುದಿಲ್ಲ. ಒತ್ತಿ ತಿಕ್ಕಿದರೆ ಸೀಳುತ್ತದೆ, ಬೇಗ ಒರೆಸಿದರೆ ಅಕ್ಷರ ಏಳುವುದಿಲ್ಲ. ಒಂದು ಗರಿ ಎಣ್ಣೆ ಹೀರುವಷ್ಟರಲ್ಲಿ ಇನ್ನೊಂದಕ್ಕೆ ಹಚ್ಚಬೇಕು, ಮತ್ತೊಂದನ್ನು ತಿರುವಬೇಕು. ಅಕ್ಷರ ಎದ್ದ ಗರಿಯ ಚಿತ್ರ ಹಿಡಿಯಲು ವಾಗೀಶ ಹಿಂದಕ್ಕೆ ಕೈ ಚಾಚಿ, ಸಿಕ್ಕಿದ ಫೋನನ್ನು ಎತ್ತಿಕೊಂಡ. ಅದು ಕಪ್ಪೋ ಬಿಳಿಯೋ ಅವನು ನೋಡಲಿಲ್ಲ. ಗಾಜಿನ ಮೇಲೆ ಐದು ಬೆರಳೂ ಮೂಡಿದವು.

ಹಿಡಿಯುತ್ತಲೇ ಗರಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಬೀಸುವ ಕಲ್ಲಿನ ಪದ ಬಂತು, ಬೇಲಿಯ ಹೂವಿನ ಪದ ಬಂತು, ಉಪ್ಪಿನ ಮೂಟೆ ಹೊತ್ತು ಹೊಳೆಗೆ ಇಳಿದವನ ಪದ ಬಂತು. ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆಲವಕ್ಕೆ ತಲೆದೂಗಿದರು. ಉಪ್ಪಿನ ಮೂಟೆಗೆ ನಕ್ಕರು.

ಪ್ರತಿ ಗರಿ ಎತ್ತುವಾಗಲೂ ವಾಗೀಶ ಕೂಸನ್ನೇ ಹುಡುಕುತ್ತಿದ್ದ, ತೊಟ್ಟಿಲನ್ನೇ ಹುಡುಕುತ್ತಿದ್ದ.

ಕಂಬದ ನೆರಳು ಬುಡಕ್ಕೆ ಬಂತು. ಹಾಲಮ್ಮ ಎದ್ದಳು.

“ಎಷ್ಟಾಯಿತಪ್ಪ?”

“ಮೂವತ್ತೊಂದು.”

“ನಮ್ಮ ಮನೆಯಲ್ಲಿ ಇಷ್ಟು ಓದು ಒಂದೇ ದಿನ ಆದದ್ದಿಲ್ಲ” ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗರಿಗಳನ್ನು ಜೋಡಿಸಿ ಎದೆಗವುಚಿಕೊಂಡು ನೀರಿಗೆ ಇಳಿದಳು.

ಹಣತೆ ಮೊದಲು ಹೋಯಿತು. ಹಿಂದೆಯೇ ಗರಿಗಳು, ಒಂದೊಂದಾಗಿ. ಮಸಿ ಹಚ್ಚಿದವು ಅಕ್ಷರ ತೋರಿಸಿಕೊಂಡು ತೇಲಿದವು. ಉಳಿದ ಹದಿನೇಳು ಬಿಳಿಚಿಕೊಂಡು, ಏನೂ ಹೇಳದೆ, ತಿರುವಿನಲ್ಲಿ ಮರೆಯಾದವು.

ವಾಗೀಶ ಮೆಟ್ಟಿಲಿನ ಮೇಲೆ ನಿಂತು ಕೊನೆಯದು ಮರೆಯಾಗುವತನಕ ನೋಡಿದ.

“ಗುರುಗಳೇ, ತೊಟ್ಟಿಲ ಪದ ಸಿಗಲಿಲ್ಲ.”

“ಸಿಗಲಿಲ್ಲ.”

“ಆ ಹದಿನೇಳರಲ್ಲಿ ಇತ್ತು.”

“ಇದ್ದಿರಬೇಕು.”

“ನನ್ನಿಂದ ಹೋಯಿತು.”

ಗುರುಗಳು ಇಲ್ಲ ಎನ್ನಲಿಲ್ಲ. ಮೆಟ್ಟಿಲಿನ ಮೇಲೆ ತಮ್ಮ ಪಕ್ಕಕ್ಕೆ ತಟ್ಟಿ ಜಾಗ ತೋರಿಸಿದರು. ಅವನು ಕೂತ. ಸಾಕಮ್ಮ ಉಣ್ಣಲು ಕರೆದಾಗಲೇ ಇಬ್ಬರೂ ಎದ್ದದ್ದು.

ಮಧ್ಯಾಹ್ನ ಇಳಿದ ಮೇಲೆ ಪಂಚಾಕ್ಷರಿ ಬಂದ.

“ಎಂಟು ದಿನ ಚೆನ್ನಾಗಿ ನೋಡಿದ್ದೀರಿ ವಾಗೀಶಪ್ಪನೋರೆ. ಈಗ ಹೇಳಿ, ಎರಡರಲ್ಲಿ ಯಾವುದು ಮೇಲು? ಅಂಗಡೀಲಿ ನಾಲ್ಕು ಜನಕ್ಕೆ ನಾನೂ ಹೇಳ್ತೀನಿ.”

ಗೆರೆ ಎಳೆದ ಪುಸ್ತಕ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ವಾಗೀಶ ಅದನ್ನು ಮುಟ್ಟಲಿಲ್ಲ.

“ಗುರುಗಳೇ, ಯಾವುದನ್ನು ಇಟ್ಟುಕೊಳ್ಳಲಿ?”

ಗುರುಗಳು ಎರಡು ಕೈಯನ್ನೂ ಚಾಚಿದರು. ವಾಗೀಶ ಒಂದೊಂದರಲ್ಲಿ ಒಂದೊಂದನ್ನು ಇಟ್ಟ. ಅವರು ಎಡಗೈಯದನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. ಬಲಗೈಯದನ್ನು ಹಿಡಿದು ನಿಧಾನವಾಗಿ ಉಸಿರೆಳೆದುಕೊಂಡರು.

“ಇದಕ್ಕೆ ಎಣ್ಣೆಯ ವಾಸನೆ ಇದೆ. ಇದು ಇರಲಿ.”