ಹಾಲವ್ವ ಮುಟ್ಟಿದ ಹೆಗಲು

ಹೊಳೆಯ ದಂಡೆಯ ಮೇಲೆ ರೇವಯ್ಯಜ್ಜನವರ ಆಶ್ರಮವಿತ್ತು. ಮುರಿದ ಎಲುಬು ಕೂಡಿಸುವುದು, ಹಿಡಿದ ಸೊಂಟ ಬಿಡಿಸುವುದು, ತಪ್ಪಿದ ಕೀಲು ಕೂರಿಸುವುದು ಅಲ್ಲಿಯ ವಿದ್ಯೆ. ಔಷಧಿ ಕಡಿಮೆ, ಕೈಕೆಲಸವೇ ಹೆಚ್ಚು.

ಆದರೆ ಆ ವಿದ್ಯೆಗೆ ಸೇರಬೇಕಾದರೆ ಮೊದಲು ಶಾಸ್ತ್ರದ ಪಾಠ ಒಪ್ಪಿಸಬೇಕಿತ್ತು. ಸೇರಲು ಬಂದಿದ್ದ ಹುಡುಗಿ ಹಾಲವ್ವ ಎಡವುತ್ತಿದ್ದದ್ದೇ ಅಲ್ಲಿ. ಎಲುಬುಗಳ ಹೆಸರು ಹೇಳಲು ನಿಂತರೆ ಪಕ್ಕೆಲುಬು ದಾಟುವಷ್ಟರಲ್ಲಿ ಅವಳ ಬಾಯಿ ಒಣಗುತ್ತಿತ್ತು. ಆ ವರ್ಷವೂ ಅವಳ ಅಂಕ ನಡುಮಟ್ಟಕ್ಕಿಂತ ಕೆಳಗೇ ಬಂತು.

ಅವಳು ಗುರು ರೇವಯ್ಯಜ್ಜನವರ ಮುಂದೆ ಹೋಗಿ ನಿಂತಳು.

“ಅಜ್ಜಾರ, ಕಡಿಮಿ ಅಂಕ ಬಂದವರಿಗೆ ಇಲ್ಲಿ ಜಾಗ ಇಲ್ಲೇನ್ರಿ?”

“ಯಾಕ ಕಡಿಮಿ ಬಂತು?”

“ಜ್ವರ ಬಂದಿತ್ರಿ. ಮತ್ತ, ಪಾಠ ಕೇಳೋ ಕಾಡಪ್ಪಣ್ಣಾರು ಭಾಳ ಗಡಿಬಿಡಿ ಮಾಡ್ತಾರ್ರಿ.”

ಗುರುಗಳು ಎದ್ದು ಹೊಳೆಗೆ ಸ್ನಾನಕ್ಕೆ ಹೊರಟುಹೋದರು.

ಮರುದಿನ ಅವಳು ಮತ್ತೆ ಬಂದಳು. ಗುರುಗಳೂ ಮತ್ತೆ ಅದನ್ನೇ ಕೇಳಿದರು.

ಹಾಲವ್ವ ತಲೆ ತಗ್ಗಿಸಿದಳು. “ನನಗ ಬಾಯಿಪಾಠ ಲಗೂನ ನಿಲ್ಲೂದಿಲ್ರಿ. ಬ್ಯಾರೆದವರು ಒಂದ ಸಲ ಓದಿದ್ದು ನಾ ನಾಕಾರು ಸಲ ಓದಬೇಕು. ಈ ಸಲ ಅಷ್ಟು ಓದಲಿಲ್ರಿ.”

“ಹಾಂ. ಈಗ ಕುಂದ್ರು,” ಎಂದರು ಗುರುಗಳು.

ಅವಳ ತಲೆಯದೇ ಒಂದು ಕೂದಲು ಕೇಳಿ ಪಡೆದು, ಹಾಸುಗಲ್ಲಿನ ಮೇಲಿಟ್ಟು, ಅದರ ಮೇಲೆ ಒಂದು ಪದರ ಬಟ್ಟೆ ಹೊದಿಸಿದರು.

“ಕಣ್ಣು ಮುಚ್ಚಿ ಬೆರಳಿಲೆ ಹುಡುಕು. ಸಿಕ್ಕರ ಇನ್ನೊಂದು ಪದರ ಹಾಕು.”

“ಹಂಗಾರ ಪಾಠ ಬ್ಯಾಡೇನ್ರಿ?”

“ಪಾಠಾನೂ ಓದು. ಬಿಡು ಅಂತ ಯಾರು ಹೇಳಿದ್ರು?”

ವರ್ಷವಿಡೀ ಹಾಲವ್ವ ಮುಂಜಾನೆ ಹೊಳೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಓದಿದಳು. ಸಂಜೆ ಬಟ್ಟೆಯ ಮುಂದೆ ಕೂತಳು. “ಏನ ಹಾಲವ್ವ, ಕಲ್ಲಿಗೆ ಹೇನು ನೋಡಾಕತ್ತೀಯೇನ?” ಎಂದು ಗೆಳತಿಯರು ನಗಾಡಿದರು. ಅವಳೂ ನಕ್ಕು ಇನ್ನೊಂದು ಪದರ ಹಾಕಿದಳು.

ಮತ್ತೆ ಪರೀಕ್ಷೆ ಬಂತು. ಪಕ್ಕೆಲುಬು ದಾಟಿದಳು, ಬೆನ್ನೆಲುಬನ್ನೂ ದಾಟಿದಳು. ಅಂಗೈಯ ಸಣ್ಣ ಎಲುಬುಗಳಲ್ಲಿ ಮುಗ್ಗರಿಸಿದಳು.

“ಹೋದ ವರ್ಷಕ್ಕಿಂತ ಛಲೋ,” ಎಂದ ಹಿರಿಯ ಶಿಷ್ಯ ಕಾಡಪ್ಪ. “ಆದ್ರ ನಡುಮಟ್ಟಕ್ಕ ಇನ್ನೂ ಮುಟ್ಟಿಲ್ಲ.”

“ಕೈ ಪರೀಕ್ಷೆ ಉಳದೈತಿ,” ಎಂದರು ಗುರುಗಳು.

ಆ ಆಶ್ರಮದಲ್ಲಿ ಕೈ ಪರೀಕ್ಷೆಗೆ ಗುರುವೇ ರೋಗಿ. ಗುರುಗಳು ಚಾಪೆಯ ಮೇಲೆ ಮಲಗುತ್ತಿದ್ದರು. ಸೇರಬಯಸುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ಮೈ ಮುಟ್ಟಿ, ಎಲ್ಲಿ ಏನು ತಪ್ಪಿದೆ ಎಂದು ಹೇಳಬೇಕು.

ಒಳ್ಳೆಯ ಅಂಕದವರು ಒಬ್ಬೊಬ್ಬರಾಗಿ ಬಂದರು. ಮೊಣಕಾಲಿನ ಬಾವು ಹೇಳಿದರು. ಸೊಂಟದ ಬಿಗಿ ಹೇಳಿದರು. ಎಡಹೆಗಲ ಹತ್ತಿರ ಬಂದಾಗ ಮಾತ್ರ ಎಲ್ಲರ ಕೈಯೂ ಕೆಂಡ ತಾಗಿದ ಹಾಗೆ ಹಿಂದೆ ಸರಿಯಿತು. ಅಲ್ಲೇನಿದೆ ಎಂದು ಯಾರೂ ಹೇಳಲಿಲ್ಲ.

ಯಾಕೆಂದರೆ ಅದು ಸಾಮಾನ್ಯ ಹೆಗಲಲ್ಲ. ರೇವಯ್ಯಜ್ಜನವರು ಹುಡುಗರಾಗಿದ್ದಾಗ ಮರದಿಂದ ಬಿದ್ದು ಅಲ್ಲಿಯ ಎಲುಬು ಮುರಿದಿತ್ತು. ಕೂಡಿಸಿದವರು ಆಶ್ರಮ ಕಟ್ಟಿದ ಹಿರಿಯಜ್ಜನವರು. ದಿನಾ ಬೆಳಗ್ಗೆ ಎಲ್ಲರೂ ಅವರ ಗದ್ದುಗೆಗೆ ಹೂವೇರಿಸಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಅಂಥವರ ಕೆಲಸದಲ್ಲಿ ಊನ ಹುಡುಕುವವರು ಯಾರು? ಈ ಕಥೆ ಹಾಲವ್ವನಿಗೂ ಗೊತ್ತಿತ್ತು.

ಅವಳ ಸರದಿ ಬಂತು. ಮೊಣಕಾಲು ಹೇಳಿದಳು. ಸೊಂಟ ಹೇಳಿದಳು. ಬೆರಳು ಎಡಹೆಗಲಿಗೆ ಬಂದು ನಿಂತುಬಿಟ್ಟವು. ಅವಳ ಬಾಯಿ ಮತ್ತೆ ಒಣಗಿತು. ಹೇಳದೆ ಬಿಟ್ಟರೆ ಯಾರೂ ಕೇಳುವುದಿಲ್ಲ. ಹೇಳಿದರೆ ಇಷ್ಟು ದಿನದ ಆಸೆ ಹೊಳೆಪಾಲು.

“ಇಲ್ಲಿ ಎಲುಬು ಒಂದರ ಮ್ಯಾಲೊಂದು ಏರಿ ಕೂಡೈತ್ರಿ,” ಎಂದಳು. “ಸರಿಯಾಗಿ ಕೂಡಿಲ್ಲ. ಅದಕ್ಕ ಕುತ್ತಿಗಿ ಬಿಗದೈತಿ.”

“ಬಾಯಿ ಮುಚ್ಚು!” ಕಾಡಪ್ಪ ಎದ್ದು ನಿಂತ. “ಅದು ಹಿರಿಯಜ್ಜಾರು ಕೂಡಿಸಿದ ಎಲುಬು!”

ಗುರುಗಳು ಮಲಗಿದಲ್ಲಿಂದ ಅಲುಗಾಡಲಿಲ್ಲ.

“ಇನ್ನೊಮ್ಮೆ ನೋಡು ತಂಗಿ. ತಪ್ಪಿಲ್ಲ ಅಂದಿ ಅಂದ್ರ ನಿನ್ನ ಸೇರಿಸಿಕೊಳ್ಳಾಕ ಅಡ್ಡಿಯಿಲ್ಲ. ಹೌದಿಲ್ಲೋ ಕಾಡಪ್ಪ?”

ಕಾಡಪ್ಪ ಒಲ್ಲದ ಮನಸ್ಸಿನಿಂದ “ಹೌದ್ರಿ” ಎಂದ.

ಹಾಲವ್ವ ಮತ್ತೆ ಮುಟ್ಟಿದಳು. ಈ ಸಲ ಇನ್ನೂ ನಿಧಾನವಾಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

“ಹಂಗ ಐತ್ರಿ ಅಜ್ಜಾರ. ಯಾರು ಕೂಡಿಸ್ಯಾರ ಅಂತ ನನ್ನ ಬೆರಳಿಗೆ ತಿಳಿಯೂದಿಲ್ರಿ.”

ಕಣ್ಣಿನ ಬಟ್ಟೆಯನ್ನು ತಾನೇ ಬಿಚ್ಚಿ ಎದ್ದು ನಿಂತಳು. ಎಲ್ಲ ಮುಗಿಯಿತು ಅನ್ನಿಸಿತು. ಆದರೂ ಈ ಸಲ ತಲೆ ತಗ್ಗಲಿಲ್ಲ. ಸೇರಿಸಿಕೊಳ್ಳಲಿ, ಬಿಡಲಿ, ಕೈಗೆ ಸಿಕ್ಕದ್ದನ್ನು ಹೇಳಿದ್ದೇನೆ ಎಂಬ ಹೆಮ್ಮೆ ಅವಳ ಎದೆ ತುಂಬಿತ್ತು.

ಗುರುಗಳು ಎದ್ದು ಕೂತರು. ಅವರ ಮುಖದಲ್ಲಿಯೂ ಹೆಮ್ಮೆ ಉಕ್ಕುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ.

“ಕಟ್ಟು ಬಿಚ್ಚಿದ ದಿನ ಹಿರಿಯಜ್ಜಾರು ಇಲ್ಲೇ ಮುಟ್ಟಿ ನೋಡಿ ಕಣ್ಣೀರು ಹಾಕಿದ್ರು. ‘ತಪ್ಪಿ ಕೂಡ್ತಪಾ, ನನ್ನ ಕೈಯಾಗ ತಪ್ಪಾತು’ ಅಂದ್ರು. ಅವರಾದ ಮ್ಯಾಲ ಅದನ್ನ ಹೇಳಿದಾಕಿ ನೀನ.”

ಕಾಡಪ್ಪ ನೆಲ ನೋಡುತ್ತ ಮತ್ತೆ ಕೂತ. ಮೆಲ್ಲಗೆ ಕೇಳಿದ. “ಆದ್ರ ಅಜ್ಜಾರ, ಈಕಿ ಅಂಕ?”

“ಕಡಿಮಿ ಅದಾವು. ಓದಸು.”

ಆಮೇಲೆ ಗುರುಗಳು ಹಾಲವ್ವನ ಕಡೆ ತಿರುಗಿ, ಎಡಹೆಗಲ ಮೇಲಿನ ವಸ್ತ್ರ ಸರಿಸಿದರು.

“ಬಾ ತಂಗಿ. ಎಲ್ಲಿ ನೋಯ್ತೈತಿ ಅಂತ ನಾ ಹೇಳ್ತೀನಿ. ಆ ನೋವು ಹೆಂಗ ಇಳಸೂದು ಅಂತ ಇಬ್ಬರೂ ಕೂಡಿ ಕಲಿಯೂಣು.”